ಕಿತ್ತುಬಂದ ವೈರು

ಅದೇ ಮನೆಯ ಎ.ಸಿ. ಮತ್ತೆ ಕೆಟ್ಟಿತ್ತು. ಮೆಕ್ಯಾನಿಕ್ ದಸ್ತಗೀರನನ್ನು ಕಂಡೊಡನೆ ಯಜಮಾನ ಹರಿಹಾಯ್ದ. "ನೀ ಹೋದ ಮರುದಿನಾನ ಬಂದ್ ಆಗತೈತಿ. ಕೆಲಸ ಬರತೈತೋ ಇಲ್ಲೋ ನಿನಗ?"

ದಸ್ತಗೀರ ಹಲ್ಲು ಕಚ್ಚಿಕೊಂಡು ಮಾಳಿಗೆ ಹತ್ತಿದ. ಔಟ್‌ಡೋರ್ ಯೂನಿಟ್ಟಿನ ಧೂಳು ತೊಳೆದು ಮುಚ್ಚಳ ಬಿಚ್ಚಿದರೆ, ತಾನೇ ಬಿಗಿದಿದ್ದ ವೈರು ಮತ್ತೆ ಕಿತ್ತುಬಂದಿತ್ತು. "ಯಾರೋ ಬೇಕಂತ ಕೀಳಾಕತ್ತಾರ. ಬೈಸಿಕೊಳ್ಳಾವ ಮಾತ್ರ ನಾ," ಎಂದು ಗೊಣಗಿದ.

ಅಲ್ಲೇ ಬಟ್ಟೆ ಒಣಹಾಕುತ್ತಿದ್ದ ಯಜಮಾನನ ಹೆಂಡತಿ ಹತ್ತಿರ ಬಂದಳು. "ನಾನ ಕಿತ್ತೀನ್ರಿ, ಅಣ್ಣಾ."

"ಯಾಕವ್ವಾ, ಇಂಥಾ ಬಿಸಿಲಾಗ?" ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಅವಳು ಮೆಟ್ಟಿಲಿನತ್ತ ನೋಡಿ ದನಿ ತಗ್ಗಿಸಿದಳು. "ಎ.ಸಿ. ಹಚ್ಚಿದ್ರ ಇವರು ಕಿಟಕಿ ಎಲ್ಲಾ ಮುಚ್ಚತಾರ. ಆಮ್ಯಾಲ ನನ್ನ ಹೊಡಿಯುವಾಗ ನಾ ಒದರೂದು ಓಣ್ಯಾಗ ಯಾರಿಗೂ ಕೇಳಂಗಿಲ್ರಿ."