ಎರಡೇ ಸಲ ಮಿನುಗಿದ ಬೆಳಕು

ಇಂಥದ್ದನ್ನು ಬರೆಯುವಷ್ಟು ತಿಳಿದವಳಲ್ಲ, ಮನ್ನಿಸಿ.

ನಮ್ಮೂರಲ್ಲಿ ದಿನಾ ಸಂಜೆ ಆಕಾಶದ ಬೆಳಕೊಂದು ಪ್ರತಿ ಮನೆಯ ಮೇಲೂ ಬಂದು ನಿಲ್ಲುತ್ತದೆ. ಮನೆಯಲ್ಲಿ ಎಷ್ಟು ಜನರೋ ಅಷ್ಟು ಸಲ ನಾವು ಮಾಳಿಗೆಯ ಬಲ್ಬು ಹಾಕಿ ಆರಿಸುತ್ತೇವೆ. ಅದೂ ಅಷ್ಟೇ ಸಲ ಮಿನುಗಿ ಹೋಗುತ್ತದೆ. ಎದುರುಮನೆಯ ಗಂಗವ್ವಜ್ಜಿ ತೀರಿಕೊಳ್ಳುವ ಹಿಂದಿನ ಸಂಜೆ ಮಾತ್ರ ಅಲ್ಲಿ ಒಂದು ಸಲ ಕಡಿಮೆ ಮಿನುಗಿತ್ತು.

ಮೂರು ತಿಂಗಳು ತುಂಬುವವರೆಗೆ ನನ್ನ ಬಸಿರನ್ನು ಯಾರಿಗೂ ಹೇಳಬಾರದೆಂದು ಅವ್ವನ ಕಟ್ಟಪ್ಪಣೆ. ಆದರೂ ಸುಳ್ಳು ಎಣಿಕೆ ಕೊಡಲು ಅಂಜಿ ವಾರದಿಂದ ಮೂರು ಸಲ ಹಾಕುತ್ತಿದ್ದೆ. ಬೆಳಕೂ ಮೂರು ಸಲ ಮಿನುಗುತ್ತಿತ್ತು.

ಇವತ್ತು ಹಾಕುವಾಗ ಗಂಡ ನೋಡಿಬಿಟ್ಟರು. "ಇರೋರು ಇಬ್ರು. ಎಣಿಸಾಕ ಬರೂದಿಲ್ಲೇನ ನಿನಗ?"

"ಮೂರ ಮಂದಿ ಅದೀವ್ರೀ," ಎಂದು ಹೊಟ್ಟೆ ಮುಟ್ಟಿಕೊಂಡೆ.

ಅವರು ನಗುತ್ತಿರುವಾಗಲೇ ಬೆಳಕು ಎರಡು ಸಲ ಮಿನುಗಿ ಹೋಯಿತು.

ನಮ್ಮ ಮೂವರಲ್ಲಿ ಅದು ಯಾರನ್ನು ಬಿಟ್ಟಿತೋ, ನನಗೆ ಗೊತ್ತಿಲ್ಲ.