ಗೇಟಿನ ಮುಂದೆ ಬೀಳ್ಕೊಡುಗೆ

“ಅಜ್ಜಾ, ಪ್ಲೀಸ್, ಹಾರ ಹೊರಗ ತಗೀಬ್ಯಾಡ್ರಿ,” ಎಂದು ವೈಶಾಲಿ ಹೇಳುವಷ್ಟರಲ್ಲಿ ಗುರುಬಸಪ್ಪನವರು ಚೀಲದೊಳಗಿನ ಚೆಂಡುಹೂವಿನ ಹಾರ, ಎರಡು ಶಾಲು, ಐದು ಕಿತ್ತಳೆ, ಒಂದು ತೆಂಗಿನಕಾಯಿ ಎಲ್ಲವನ್ನೂ ಕಾರಿನ ಬಾನೆಟ್ ಮೇಲೆ ಸಾಲಾಗಿ ಇಟ್ಟಾಗಿತ್ತು. ಲಾಸ್ ಏಂಜಲೀಸಿನ ಫುಟ್‌ಬಾಲ್ ಸ್ಟೇಡಿಯಮ್ಮಿನ ಹಿಂದಿನ ಗೇಟು. ಮಂಗಳವಾರ ಬೆಳಗಿನ ಹನ್ನೊಂದು ಗಂಟೆ. ಒಳಗೆ ಆಟವಿರಲಿಲ್ಲ, ಹೊರಗೆ ಜನರಿರಲಿಲ್ಲ. ಅದೊಂದೇ ಪುಣ್ಯ ಎಂದುಕೊಂಡಳು ವೈಶಾಲಿ.

ಮೊಮ್ಮಗಳು ಮೂವತ್ತಮೂರಕ್ಕೇ ರಿಟೈರ್ ಆದಳೆಂದು ಹುಬ್ಬಳ್ಳಿಯಿಂದ ಬಂದಿಳಿದ ದಿನವೇ ಅಜ್ಜನಿಗೆ ಗೊತ್ತಾಗಿತ್ತು. ಹನ್ನೊಂದು ವರ್ಷ ಅವಳು ಡಿಫೆಂಡರ್. ಎದುರು ತಂಡದವರಿಗೆ ಗೋಲು ಹೊಡೆಯಲು ಬಿಡದಿರುವುದೇ ಅವಳ ಸಂಬಳದ ಕೆಲಸ. ಮೊಣಕಾಲು ಕೈಕೊಟ್ಟಿತು, ಕ್ಲಬ್ಬಿನವರು ಮೂರು ಸಾಲಿನ ಇಮೇಲ್ ಕಳಿಸಿದರು. ಅಲ್ಲಿಗೆ ಮುಗಿಯಿತು. ಸರಕಾರಿ ಕಚೇರಿಯಲ್ಲಿ ಮೂವತ್ತಾರು ವರ್ಷ ದುಡಿದು ಹೆಡ್ ಕ್ಲರ್ಕ್ ಆಗಿ ನಿವೃತ್ತರಾದ ಗುರುಬಸಪ್ಪನವರಿಗೆ ಆ ಮೂರು ಸಾಲು ಗಂಟಲಲ್ಲಿ ಸಿಕ್ಕಿಕೊಂಡಿತ್ತು.

“ಮೂರು ಸಾಲು! ನಮ್ಮ ಪ್ಯೂನ್ ಮರಿಯಪ್ಪಗ ಸೈತ ಶಾಲು ಹಾಕಿ, ಟ್ರ್ಯಾಕ್ಟರ್‌ನ್ಯಾಗ ಕುಂಡ್ರಿಸಿ, ಬ್ಯಾಂಡ್ ಬಾರಿಸಿಕೋತ ಮನಿ ಮುಟ್ಟಿಸಿದ್ವಿ. ರಿಟೈರ್ ಆದವ್ರನ್ನ ಆಫೀಸಿನಿಂದ ಮನೀತನಕ ಕಳಿಸಿಬರಬೇಕವಾ. ಅದಕ್ಕ ನಿನ್ನ ಆಫೀಸಿಗೆ ಬಂದದ್ದು.”

ಅಷ್ಟರಲ್ಲಿ ಗೇಟಿನ ಗಾರ್ಡ್ ರುಬೆನ್ ಬಂದ. ಎತ್ತರದ ಆಳು. ಬಾನೆಟ್ ಮೇಲಿನ ತೆಂಗಿನಕಾಯಿಯನ್ನು ಅನುಮಾನದಿಂದ ನೋಡಿದ, ಆಮೇಲೆ ವೈಶಾಲಿಯನ್ನು ನೋಡಿ ನಕ್ಕ.

“ನೀವಾ? ಇವತ್ತು ಗುರುವಾರ ಅಲ್ಲವಲ್ಲ!” ಎಂದ ಇಂಗ್ಲಿಷಿನಲ್ಲಿ.

ಕಚೇರಿಯ ಇಂಗ್ಲಿಷ್ ಅರೆದು ಕುಡಿದಿದ್ದ ಅಜ್ಜ ಅದೇ ಭಾಷೆಯಲ್ಲಿ ಕೇಳಿದರು. “ಗುರುವಾರ ಏನು ವಿಶೇಷ?”

“ಗುರುವಾರ ಬರ್ತಾರೆ. ಇದೇ ಕಾರಲ್ಲಿ ಅರ್ಧ ಗಂಟೆ ಸುಮ್ಮನೆ ಕೂತಿದ್ದು ಹೋಗ್ತಾರೆ. ನಾಲ್ಕು ತಿಂಗಳಿಂದ.”

ವೈಶಾಲಿ ಕಿತ್ತಳೆ ಹಣ್ಣುಗಳನ್ನು ಎಣಿಸತೊಡಗಿದಳು. ದೂರದ ರ್ಯಾಂಚೊ ಪೆನಾಸ್ಕಿಟೋಸ್ ಊರಿನಲ್ಲಿದ್ದ ಮನೆಯವರಿಗೆ ಗುರುವಾರವೆಂದರೆ ಅವಳ ಮೊಣಕಾಲಿನ ಫಿಸಿಯೋಥೆರಪಿ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆಯ ಫಿಸಿಯೋಥೆರಪಿ ಎಲ್ಲಿರುತ್ತದೆಂದು ಯಾರೂ ಕೇಳಿರಲಿಲ್ಲ.

ಅಜ್ಜನೂ ಕೇಳಲಿಲ್ಲ. “ಚಾರ್ಜ್ ಕೊಟ್ಟೀಯೇನು?” ಎಂದರು.

“ಅಂದ್ರ?”

“ಕೀಲಿ, ಕಾರ್ಡು, ಆಫೀಸಿಂದು ಏನರೆ ನಿನ್ನ ಕಡೆ ಉಳಿದಿರ್ತದಲ್ಲ, ಅದು.”

ಅವಳ ಕೈ ತಾನಾಗಿ ಜೇಬಿಗೆ ಹೋಯಿತು. ಫೋಟೋ ಇದ್ದ ಗೇಟ್ ಪಾಸು. ಅದನ್ನು ತೋರಿಸಿದರೆ ಈಗ ಯಾವ ಬಾಗಿಲೂ ತೆರೆಯುವುದಿಲ್ಲ. ವಾಪಸು ಕೊಡಿ ಎಂದು ಕ್ಲಬ್ಬಿನಿಂದ ಮೂರು ಸಲ ಮೇಲ್ ಬಂದಿತ್ತು.

“ಇದೊಂದು ನನ್ನ ಹತ್ರ ಇರಲಿ ಅಜ್ಜಾ. ಇದನ್ನೂ ಕೊಟ್ರ ಎಲ್ಲಾ ಮುಗದಂಗ.”

“ನಾನೂ ಒಂದು ರಬ್ಬರ್ ಸ್ಟ್ಯಾಂಪ್ ಇಟಗೊಂಡಿದ್ದೆ,” ಎಂದರು ಗುರುಬಸಪ್ಪ, ಶಾಲಿನ ಮಡಿಕೆ ಬಿಚ್ಚುತ್ತ. “ಆರು ತಿಂಗಳು ದಿನಾ ಆಫೀಸಿನ ಎದುರು ಚಾದಂಗಡ್ಯಾಗ ಹೋಗಿ ಕುಂತೆ. ನಿಮ್ಮ ಅಜ್ಜಿಗೆ ವಾಕಿಂಗ್ ಅಂತ ಹೇಳ್ತಿದ್ದೆ. ನನಗೂ ಬ್ಯಾಂಡ್ ಬಾರಿಸಿದ್ರು, ಶಾಲು ಹಾಕಿದ್ರು. ಸ್ಟ್ಯಾಂಪ್ ಕೊಡೂತನಕ ನಾ ರಿಟೈರೇ ಆಗಿದ್ದಿಲ್ಲ ನೋಡು.”

ಸಭೆ ಎಂದ ಮೇಲೆ ಅಧ್ಯಕ್ಷರಿಲ್ಲದೆ ಆಗುತ್ತದೆಯೇ? ರುಬೆನ್ನನೇ ಅಧ್ಯಕ್ಷನಾದ. ಹಾರ, ಮೊದಲ ಶಾಲು ವೈಶಾಲಿಗೆ ಬಿದ್ದವು. ಎರಡನೆಯ ಶಾಲು ತನ್ನ ಹೆಗಲಿಗೆ ಬಿದ್ದಾಗ ಅವನು ಟೋಪಿ ತೆಗೆದು ನೆಟ್ಟಗೆ ನಿಂತ. ಗುರುಬಸಪ್ಪನವರು ಗಂಟಲು ಸರಿಮಾಡಿಕೊಂಡು, ನಲವತ್ತು ಗುಮಾಸ್ತರ ಬೀಳ್ಕೊಡುಗೆಯಲ್ಲಿ ಮಾಡಿದ್ದ ಭಾಷಣವನ್ನೇ ಹೆಸರು ಬದಲಿಸಿ ಶುರುಮಾಡಿದರು. “ಸನ್ಮಾನ್ಯ ಅಧ್ಯಕ್ಷರೇ, ಕುಮಾರಿ ವೈಶಾಲಿಯವರು ಹನ್ನೊಂದು ವರ್ಷದ ಸೇವಾವಧಿಯಲ್ಲಿ ಇನ್ನೂರ ಮೂರು ಪಂದ್ಯ ಆಡಿದ್ದಾರೆ. ಹೊಡೆದ ಗೋಲು ಒಂದು.”

“ಅಜ್ಜಾ, ಅದು ನಮ್ಮ ಗೋಲಿಗೇ ಹೋಗಿದ್ದು!”

“ಸೇವೆಯಲ್ಲಿ ಸಣ್ಣಪುಟ್ಟ ತಪ್ಪು ಎಲ್ಲರಿಂದಲೂ ಆಗುತ್ತದೆ,” ಎಂದು ಅಜ್ಜ ನಿಲ್ಲಿಸದೆ ಮುಂದುವರಿದರು. “ಆದರೆ ಇವರ ಟೇಬಲ್ ಮೇಲೆ ಒಂದು ಫೈಲೂ ಬಾಕಿ ಉಳಿದಿದ್ದನ್ನು ನಾನು ಕಂಡಿಲ್ಲ.”

ವೈಶಾಲಿಗೆ ನಗು ಉಕ್ಕಿತು. ನಗುನಗುತ್ತಲೇ ಅಳು ಬಂತು. ನಾಲ್ಕು ತಿಂಗಳಿಂದ ಬಾರದೆ ಕೂತಿದ್ದ ಅಳು ಅದು. ಕೊರಳಲ್ಲಿ ಹಾರವಿದ್ದಂತೆಯೇ ಜೇಬಿನಿಂದ ಪಾಸು ತೆಗೆದು ರುಬೆನ್ನನ ಕೈಗಿಟ್ಟಳು. ಅವನಿಗೆ ಏನು ಅರ್ಥವಾಯಿತೋ, ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

“ಈಗ ಅಧ್ಯಕ್ಷರಿಂದ ಎರಡು ಮಾತು,” ಎಂದರು ಅಜ್ಜ ಇಂಗ್ಲಿಷಿನಲ್ಲಿ.

ರುಬೆನ್ ಯೋಚಿಸಿದ. “ಇಲ್ಲಿ ಕಾರು ಹದಿನೈದು ನಿಮಿಷಕ್ಕಿಂತ ಜಾಸ್ತಿ ನಿಲ್ಲಿಸೋ ಹಾಗಿಲ್ಲ.”

ಅಜ್ಜ ಚಪ್ಪಾಳೆ ತಟ್ಟಿದರು. ಇಷ್ಟು ಚುಟುಕಾದ ಅಧ್ಯಕ್ಷೀಯ ಭಾಷಣವನ್ನು ಅವರು ಜನ್ಮದಲ್ಲಿ ಕೇಳಿರಲಿಲ್ಲ.

ನಿವೃತ್ತರು ಹಿಂದಿನ ಸೀಟಿನಲ್ಲಿ ಕೂಡುವುದು ಪದ್ಧತಿ. ಆದರೆ ಅಜ್ಜನಿಗೆ ಡ್ರೈವಿಂಗ್ ಬರುವುದಿಲ್ಲ. ಹೀಗಾಗಿ ಹಾರ ಹಾಕಿಕೊಂಡ ನಿವೃತ್ತೆಯೇ ಸ್ಟೀರಿಂಗ್ ಹಿಡಿದಳು, ಕಳಿಸಿಕೊಡಲು ಬಂದವರು ಕಿತ್ತಳೆ, ತೆಂಗಿನಕಾಯಿ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ಕಾರು ಹೊರಡುವ ಹೊತ್ತಿಗೆ ಗೇಟು ತೆರೆದು ಒಳಗಿನಿಂದ ದೊಡ್ಡದೊಂದು ಲಾರಿ ಹಾರ್ನ್ ಹೊಡೆಯುತ್ತ ಬಂತು.

“ಹೊಳ್ಳಿ ನೋಡಬ್ಯಾಡ,” ಎಂದರು ಅಜ್ಜ.

“ಹನ್ನೊಂದು ವರ್ಷ ನನ್ನ ಕೆಲಸಾನೇ ಅದು ಅಜ್ಜಾ, ಹಿಂದ ಯಾರು ಬರ್ತಾರ ಅಂತ ನೋಡೋದು,” ಎನ್ನುತ್ತ ವೈಶಾಲಿ ಕನ್ನಡಿ ನೋಡಿದಳು.

ಶಾಲು ಹೊದ್ದ ರುಬೆನ್ ಲಾರಿಯ ಮುಂದೆ ಕಾಲು ಅಗಲಿಸಿ, ಎರಡೂ ಕೈ ಚಾಚಿ ನಿಂತಿದ್ದ. ಬಲಗೈಯಲ್ಲಿ ಅವಳ ಪಾಸು. ಲಾರಿಯವನು ಎಷ್ಟು ಹಾರ್ನ್ ಹೊಡೆದರೂ ಅವಳ ಕಾರು ರಸ್ತೆಗೆ ಇಳಿಯುವವರೆಗೆ ಆಸಾಮಿ ಒಂದಿಂಚೂ ಕದಲಲಿಲ್ಲ.

ಅಜ್ಜನೂ ಹೊರಳಿ ನೋಡಿದರು.

“ಛಲೋ ಮನಷ್ಯಾಗ ಚಾರ್ಜ್ ಕೊಟ್ಟಿ,” ಎಂದರು.