ಹದಿನೈದು ವರ್ಷದ ತೆರಿಗೆ

“ಹದಿನೈದು ವರ್ಷದಿಂದ ಒಂದು ಪೈಸಾ ಟ್ಯಾಕ್ಸ್ ಕಟ್ಟಿಲ್ರೀ ಸಾಹೇಬ್ರ! ಪುಕ್ಕಟೆ ಕುಂತಾಳ!”

ಅಂಬರಾಯನ ದನಿಗೆ ಶಹಾಬಾದ ನಗರಸಭೆಯ ಕಂದಾಯ ಶಾಖೆಯಲ್ಲಿದ್ದವರೆಲ್ಲ ತಲೆ ಎತ್ತಿದರು. ಕಲ್ಲಿನ ಖಣಿಯ ಮಾಲೀಕ. ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ.

ಜಾನಬಿ ಹಲ್ಲು ಕಚ್ಚಿ ಕೂತಳು. ಅವಳ ಗಂಡ ಮಜೀದಸಾಬ ಇವನ ಅಪ್ಪನ ಖಣಿಯಲ್ಲಿ ಕಲ್ಲು ಸೀಳುತ್ತಲೇ ಸತ್ತವನು. ಆ ಹಿರಿಯ ಬಾಯಿಮಾತಿನಲ್ಲಿ ಕೊಟ್ಟ ತುಂಡು ಜಾಗದಲ್ಲೇ ಅವಳ ಎರಡು ಕೋಣೆಯ ಮನೆ. ಹಿರಿಯ ಹೋದ, ಮಗನ ಕಾಲ ಬಂತು. ಮೊದಲು ಚಿತ್ತಾಪುರ ಕೋರ್ಟಿನಿಂದ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಮನೆ ಬಿಡಬೇಕಂತೆ ಎಂಬುದಷ್ಟೇ ಅವಳಿಗೆ ತಿಳಿದದ್ದು. ಅದು ಸಾಲದೆಂದು ಅಂಬರಾಯ ಈ ತೆರಿಗೆಯ ದೂರನ್ನೂ ಜಡಿದಿದ್ದ. ಎರಡೂ ಕಡೆಯಿಂದ ಹಿಂಡಿದರೆ ಮುದುಕಿ ತಾನಾಗಿಯೇ ಗಂಟುಮೂಟೆ ಕಟ್ಟುತ್ತಾಳೆ ಎಂದು ಅವನ ಎಣಿಕೆ.

ಹಾಗೆ ಗಂಟು ಕಟ್ಟುವ ಪೈಕಿ ಅಲ್ಲ ಜಾನಬಿ. ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದು ಮಾರುವವಳು. ಸೇಡಂನಿಂದ ವಾಡಿಯವರೆಗೆ ಮನೆ-ಜಾಗದ ತೆರಿಗೆ ಇಳಿಸುವುದರಲ್ಲಿ ಹೆಸರು ಮಾಡಿದ ವಕೀಲೆ ಭುವನೇಶ್ವರಿಯನ್ನೇ ಹಿಡಿದು, ಕೋರ್ಟಿನದು, ನಗರಸಭೆಯದು ಎರಡೂ ಕಾಗದ ಅವಳ ಕೈಗಿಟ್ಟಿದ್ದಳು. ಭುವನೇಶ್ವರಿ ಎರಡನ್ನೂ ಓದಿ ಒಂದೇ ಮಾತು ಹೇಳಿದ್ದಳು: “ನಗರಸಭಾದಾಗ ನೀವು ಬಾಯಿ ತೆಗೀಬ್ಯಾಡ್ರಿ, ಅಮ್ಮ.” ಜಾನಬಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ಕಂದಾಯ ಅಧಿಕಾರಿ ಸಿದ್ಧಲಿಂಗನಿಗೆ ಮುದುಕಿಯನ್ನು ನೋಡಿ ಕನಿಕರ ಹುಟ್ಟಿತು. “ಮನಿ ಯಾವಾಗ ಕಟ್ಯಾರ ಅಂತ ದಾಖಲೆ ಇಲ್ಲ. ಎರಡು ವರ್ಷದ್ದು ಹಾಕಿ ಮುಗಿಸೂಣೇನ್ರಿ, ಮೇಡಂ?”

ಜಾನಬಿಯ ಜೀವ ತಣ್ಣಗಾಯಿತು.

“ಬ್ಯಾಡ್ರಿ,” ಎಂದಳು ಪಕ್ಕದಲ್ಲೇ ಕೂತಿದ್ದ ಭುವನೇಶ್ವರಿ. “ದೂರು ಕೊಟ್ಟವರನ್ನೇ ಕೇಳೂಣು. ಏನ್ರಿ ಅಂಬರಾಯರ, ಎರಡೇ ವರ್ಷ ಆಗಿರಬೇಕಲ್ಲ?”

“ಎರಡಾ?” ಅಂಬರಾಯ ಟೇಬಲ್ ಗುದ್ದಿದ. “ಹದಿನೈದು! ನಮ್ಮಪ್ಪನೇ ನಿಂತು ಕಟ್ಟಿಸಿಕೊಟ್ಟಾನ. ಫರಸಿ ಕಲ್ಲು ಹೇರಿ ಟ್ರ್ಯಾಕ್ಟರ್ ಹೊಡದಾಂವ ನಾನೇ!”

“ಹಂಗಂತ ಬರದು ಸಹಿ ಮಾಡ್ತೀರೇನ್ರಿ?”

“ನೂರು ಸಹಿ ಮಾಡ್ತೀನಿ, ತರ್ರಿ!”

ಮಾಡಿದ. ಸಿದ್ಧಲಿಂಗ ಬೇರೆ ದಾರಿ ಕಾಣದೆ, ಹದಿನೈದು ವರ್ಷದ ತೆರಿಗೆ, ಮೇಲೆ ದಂಡ ಎಂದು ಆದೇಶ ಬರೆದ. ಭುವನೇಶ್ವರಿ ತಕರಾರು ಎತ್ತಲಿಲ್ಲ. ಆದೇಶದ ಜೊತೆ ಅಂಬರಾಯನ ಹೇಳಿಕೆಗೂ ಮೊಹರು ಹಾಕಿಸಿ ನಕಲು ಪಡೆದಳು, ಅಷ್ಟೇ. ಅಂಬರಾಯ ಮೀಸೆಯ ಮೇಲೆ ಕೈಯಾಡಿಸುತ್ತ ಹೊರಟುಹೋದ.

ವರಾಂಡಕ್ಕೆ ಬಂದದ್ದೇ ತಡ, ಜಾನಬಿಯ ಬಾಯಿಗೆ ಹಾಕಿದ್ದ ಬೀಗ ಕಿತ್ತುಹೋಯಿತು. ಸಿಟ್ಟಿನಲ್ಲಿ ಮರ್ಯಾದೆಯ ಮಾತೂ ಉದುರಿಹೋಗಿತ್ತು.

“ಎಷ್ಟು ತಿಂದಿ ಅವನ ಕಡಿಂದ? ಎರಡಕ್ಕ ಮುಗೀತಿತ್ತು, ಹದಿನೈದು ಮಾಡ್ಸಿದಿಯಲ್ಲ! ಆಗ್ಲಿ. ರೊಟ್ಟಿ ಬಡದು ಕಟ್ತೀನಿ. ಬುಲ್ಡೋಜರ್ ತರ್ಲಿ, ಹೊಸ್ತಿಲ ಮ್ಯಾಲ ಕುಂದರ್ತೀನಿ. ಮನಿ ಮಾತ್ರ ಬಿಡಂಗಿಲ್ಲ, ಹೋಗಿ ಹೇಳು ಅವಂಗ!”

ಭುವನೇಶ್ವರಿ ಬೈಗುಳ ಮುಗಿಯುವತನಕ ಕಾದಳು. ಆಮೇಲೆ ಚಿತ್ತಾಪುರ ಕೋರ್ಟಿನ ಆ ಇಂಗ್ಲಿಷ್ ಕಾಗದ ತೆಗೆದು, ಒಂದು ಸಾಲಿನ ಮೇಲೆ ಬೆರಳಿಟ್ಟಳು.

“ಇದಕ್ಕೂ ಅಂಬರಾಯನೇ ಸಹಿ ಮಾಡ್ಯಾನ, ಅಮ್ಮ. ತನ್ನಪ್ಪ ಸಾಯೂತನಕ ಆ ಜಾಗ ಖಾಲಿ ಇತ್ತು, ಎರಡು ವರ್ಷದ ಹಿಂದ ಈಕಿ ನುಗ್ಗಿ ಮನಿ ಕಟ್ಯಾಳ ಅಂತ, ಪ್ರಮಾಣ ಮಾಡಿ!”